ಆಯ್ತು, ಮಾಡ್ತೀನಿ

ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು ನಡುಮನೆಗೆ ಕೇಳುತ್ತದೆ. "ಏನಾಯ್ತಮ್ಮ?" ಅಂದರೆ "ಏನಿಲ್ಲ ಅತ್ತೆ" ಅನ್ನುತ್ತಾಳೆ ಸೊಸೆ. ಮುಖ ಮಾತ್ರ ಊದಿಕೊಂಡಿರುತ್ತದೆ. ಕಚೇರಿಯಲ್ಲಿ "ಆಯ್ತು ಸಾರ್, ಮಾಡ್ತೀನಿ" ಎಂದ ಗುಮಾಸ್ತರ ಮೇಜಿನಿಂದ ಫೈಲು ಕದಲುವುದೇ ಇಲ್ಲ. ಕೇಳಿದರೆ "ಮರೆತುಹೋಯ್ತು", "ನಿನ್ನೆ ಕರೆಂಟಿರಲಿಲ್ಲ" ಎಂಬ ನೆಪ. ಸಿಟ್ಟನ್ನು ಬಾಯಲ್ಲಿ ಆಡದೆ ನಡತೆಯಲ್ಲಿ ತೋರುವ ಇಂಥವರನ್ನು ಪ್ಯಾಸಿವ್ ಅಗ್ರೆಸಿವ್ ಎಂದುಬಿಡುವುದು ಈಗ ರೂಢಿಯಾಗಿದೆ.

ಈ ಹೆಸರು ಬಂದದ್ದು ದಂಡಿನಿಂದ. 1945ರಲ್ಲಿ ಅಮೆರಿಕದ ಸೇನೆಗಾಗಿ ಮನೋವೈದ್ಯ ವಿಲಿಯಂ ಮೆನ್ನಿಂಗರ್ ಮುಂದಾಳತ್ವದಲ್ಲಿ ರೋಗಗಳ ಪಟ್ಟಿಯೊಂದು ಸಿದ್ಧವಾಯಿತು. ಅಪ್ಪಣೆಗೆ ಎದುರಾಡದೆ, ಮುಖ ಗಂಟಿಕ್ಕಿ, ಕೆಲಸವನ್ನು ನಾಳೆಗೆ ತಳ್ಳಿ, ಮಾಡಿದರೂ ಅರೆಬರೆ ಮಾಡುವ ಸಿಪಾಯಿಗಳು ಈ ಹೆಸರಿನಡಿ ಅದರಲ್ಲಿ ಸೇರಿದರು. ಸೇನೆಯಲ್ಲಿ "ಆಗೋದಿಲ್ಲ" ಅಂದರೆ ಶಿಕ್ಷೆ ತಪ್ಪಿದ್ದಲ್ಲ. ನನಗೆ ಮುಖ್ಯವೆನಿಸುವುದು ಇದೇ. ಬಾಯಿಬಿಟ್ಟು ಒಲ್ಲೆ ಎನ್ನಲಾಗದ ಕಡೆ ಕೈಕಾಲು ಒಲ್ಲೆ ಎನ್ನುತ್ತವೆ.

1952ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ, ಅಂದರೆ ಡಿಎಸ್‌ಎಂ, ಇದನ್ನು ವ್ಯಕ್ತಿತ್ವದ ದೋಷಗಳ ಸಾಲಿಗೆ ಸೇರಿಸಿತು. 1994ರಲ್ಲಿ ಇನ್ನೂ ಅಧ್ಯಯನ ಬೇಕೆಂದು ಅನುಬಂಧಕ್ಕೆ ಸರಿಸಿತು. 2013ರ ಆವೃತ್ತಿಯಲ್ಲಿ ಅದಕ್ಕೆ ಪ್ರತ್ಯೇಕ ಜಾಗವೇ ಉಳಿಯಲಿಲ್ಲ. ಹೀಗಾದದ್ದು ಸರಿ ಅಂತಲೇ ನನ್ನ ಮತ. ಒಬ್ಬ ಮೇಲಧಿಕಾರಿಯ ಮುಂದೆ ಮಾತ್ರ ಮರೆವು ಬರುವ ಮನುಷ್ಯನ ವ್ಯಕ್ತಿತ್ವಕ್ಕೇ ಕಾಯಿಲೆ ಅನ್ನುವುದು ಹೇಗೆ? ಬಲ್ಲ ವೈದ್ಯರು ಮೊದಲು ವಿಚಾರಿಸುವುದೂ ಅದನ್ನೇ: ಮನೆ, ಕೆಲಸ, ಸ್ನೇಹ ಎಲ್ಲ ಕಡೆಯೂ ಹೀಗೆಯೇ? ಹರೆಯದಿಂದಲೂ ಹೀಗೆಯೇ? ಇನ್ನೂ ಒಂದು ಎಚ್ಚರ ಬೇಕು. ಖಿನ್ನತೆ ಹಿಡಿದವರೂ ಕೆಲಸ ಮುಂದೂಡುತ್ತಾರೆ, ಹೇಳಿದ್ದು ಮರೆಯುತ್ತಾರೆ, ಮಾತು ಬಿಡುತ್ತಾರೆ. ಅದನ್ನು ಹಟವೆಂದು ಬೈದರೆ ನೊಂದವರನ್ನೇ ಮತ್ತೆ ನೋಯಿಸಿದಂತೆ.

ಸಿಟ್ಟನ್ನು ನೇರವಾಗಿ ತೋರಲು ಜಾಗವಿದ್ದ ಕಥೆಯೂ ಉಂಟು: ರಾಮಾಯಣದ ಅರಮನೆಯಲ್ಲಿ ಕೋಪಗೃಹವೆಂದೇ ಒಂದು ಕೋಣೆಯಿತ್ತು. ಕೈಕೇಯಿ ಒಡವೆ ಕಿತ್ತೆಸೆದು ನೆಲದ ಮೇಲೆ ಮಲಗಿದಳು, ದಶರಥ ಬಂದು ಕೇಳಿದ, ತನಗೇನು ಬೇಕೆಂದು ಹೇಳಿಯೇಬಿಟ್ಟಳು. ಅವಳು ಬೇಡಿದ್ದು ಘೋರ, ನಿಜ. ಆದರೆ ಸಿಟ್ಟು ಮಾಡಿಕೊಳ್ಳಲು ರಾಣಿಗೊಂದು ಜಾಗವಿತ್ತು. ನಮ್ಮ ಎಷ್ಟು ಮನೆಗಳಲ್ಲಿ ಸೊಸೆಗೆ ಅಷ್ಟು ಅವಕಾಶವಿದೆ?

ಹಾಗಂತ ಪಕ್ಕದಲ್ಲಿ ಬದುಕುವವರ ಪಾಡು ಸಣ್ಣದಲ್ಲ. ದಿನವಿಡೀ ಮೌನ ಎದುರಿಸಿದವರಿಗೇ ಗೊತ್ತು ಅದರ ಭಾರ. "ಏನಾಯ್ತು?" ಅಂತ ಹತ್ತು ಸಲ ಕೆದಕಿದರೆ "ಏನಿಲ್ಲ" ಅನ್ನುವುದೂ ಹತ್ತು ಸಲವಾಗುತ್ತದೆ. "ಈ ಕೆಲಸ ಬೇಡ ಅನಿಸಿದರೆ ಹೇಳಿಬಿಡಿ, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ" ಅಂದು, ಅವರು ನಿಜವಾಗಿ ಬೇಡ ಅಂದ ದಿನ ಬೇಜಾರು ಮಾಡಿಕೊಳ್ಳದೆ ಇರಬೇಕು.