ಗೂಳಿ ಬರುವ ಮೊದಲು

ನಮ್ಮ ಕಡೆ ಒಂದು ಕಾಲದಲ್ಲಿ ‘ಆ ಸಿನಿಮಾ ನೋಡಿದ್ದೀಯಾ?’ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ‘ಎಷ್ಟು ಸಲ ನೋಡಿದ್ದೀಯಾ?’ ಎಂದೇ ಕೇಳುತ್ತಿದ್ದರು. ಒಂದೇ ಸಲ ಎಂದವನನ್ನು ‘ಅಯ್ಯೋ ಪಾಪ’ ಎಂಬಂತೆ ನೋಡುತ್ತಿದ್ದರು. ಕಾಸಿಲ್ಲವೋ, ಮನೆಯಲ್ಲಿ ಬಿಡಲಿಲ್ಲವೋ, ಅಂತೂ ಏನೋ ತಾಪತ್ರಯ ಇರಬೇಕು ಎಂದು ಅವರೇ ಊಹಿಸಿಕೊಂಡು ಮರುಗುತ್ತಿದ್ದರು. ಕಥೆ ಗೊತ್ತಾದ ಮೇಲೆ ಮತ್ತೇಕೆ ನೋಡಬೇಕು ಎಂಬ ಪ್ರಶ್ನೆ ತಿಪಟೂರು ಸೀಮೆಯ ನಮ್ಮ ಹಳ್ಳಿಗಳಲ್ಲಿ ಹುಟ್ಟುವ ಹಾಗೇ ಇರಲಿಲ್ಲ. ವರ್ಷ ಬಿಟ್ಟು ವರ್ಷ ‘ಕುರುಕ್ಷೇತ್ರ’ ನಾಟಕ ಆಡುವ ಊರುಗಳವು. ಬಾಡಿಗೆ ಸೀನರಿ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರನ್ನು ತಿಂಗಳುಗಟ್ಟಲೆ ಸಾಕಿ, ಪಾರ್ಟಿಗೆ ದುಡ್ಡು ಕಟ್ಟಿದವನೊಬ್ಬ ದುರ್ಯೋಧನನಾಗಿ ಬೆಳಗಿನ ಜಾವದವರೆಗೆ ಕಂದಪದ್ಯ ಎಳೆಯುತ್ತಿದ್ದ. ಅವನ ತೊಡೆ ಮುರಿಯುತ್ತದೆ ಎಂದು ಚಾಪೆ ಹಾಸಿಕೊಂಡು ಕೂತಿದ್ದ ಎಲ್ಲರಿಗೂ ಗೊತ್ತು. ಮುರಿಯುವವರೆಗೆ ಯಾರೂ ಏಳುತ್ತಿರಲಿಲ್ಲ. ಕಥೆ ತಿಳಿಯಲು ಹೋಗುವವರು ನಮ್ಮಲ್ಲಿ ಯಾರಿದ್ದರು? ಹೋಗುತ್ತಿದ್ದದ್ದು ಒಂದಷ್ಟು ಹೊತ್ತು ಅದರೊಳಗೆ ಇದ್ದು ಬರುವುದಕ್ಕೆ.

ಹಾಗಾಗಿ ನಮ್ಮ ಬೀದಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಿನಿಮಾ ಸ್ವಂತದ್ದಾಗಿತ್ತು. ಸ್ಕೂಲು ಮೇಷ್ಟ್ರಿಗೆ ‘ನಾಗರಹಾವು’. ವಿಷ್ಣುವರ್ಧನ್ ಮಾಡಿದ ರಾಮಾಚಾರಿಯ ಸಿಟ್ಟಿಗೆ ಹುಡುಗರು ಶಿಳ್ಳೆ ಹೊಡೆಯುತ್ತಿದ್ದರೆ ಅವರು ಮಾತ್ರ ಅಶ್ವತ್ಥ್ ಅವರ ಚಾಮಯ್ಯ ಮೇಷ್ಟ್ರನ್ನು ನೋಡಲೆಂದೇ ಹೋಗುತ್ತಿದ್ದರು. ಹೋಗಿಬಂದ ಮರುದಿನ ಕ್ಲಾಸಿನಲ್ಲಿ ಬೆತ್ತ ಕಿಟಕಿಯ ಮೇಲೇ ಇರುತ್ತಿತ್ತು. ಟೆಂಟಿಗೆ ‘ನಾಗರಹಾವು’ ಬರಲಿ ಎಂದು ಹುಡುಗರು ಹರಕೆ ಹೊತ್ತರೆ ಅದಕ್ಕೆ ಪುಟ್ಟಣ್ಣ ಕಣಗಾಲರ ಪ್ರತಿಭೆಯೊಂದೇ ಕಾರಣವಲ್ಲ. ಹಿಟ್ಟಿನ ಗಿರಣಿಯವನಿಗೆ ‘ಸತ್ಯ ಹರಿಶ್ಚಂದ್ರ’. ಅದರಲ್ಲೂ ಎಂ.ಪಿ. ಶಂಕರ್ ವೀರಬಾಹುವಾಗಿ ಬಂದರೆ ಸಾಕು, ಅವನಿಗೆ ಮಿಕ್ಕದ್ದೆಲ್ಲ ಲೆಕ್ಕಕ್ಕಿಲ್ಲ. ನನ್ನ ಸೋದರತ್ತೆಗೆ ‘ಬಂಗಾರದ ಮನುಷ್ಯ’.

ಅತ್ತೆ ಒಬ್ಬಳಿಗೇ ಏನು, ನಾಡಿಗೆ ನಾಡೇ ಆ ಚಿತ್ರಕ್ಕೆ ಬಿದ್ದಿತ್ತು. ಟಿ.ಕೆ. ರಾಮರಾಯರ ಕಾದಂಬರಿಯನ್ನು ಸಿದ್ದಲಿಂಗಯ್ಯನವರು 1972ರಲ್ಲಿ ತೆರೆಗೆ ತಂದಾಗ ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿತು. ಒಂದೇ ಊರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಬೇಕಾದರೆ ಒಂದೊಂದು ಸಲ ನೋಡಿದವರಿಂದ ಆಗುವ ಕೆಲಸವಲ್ಲ ಅದು. ಓದಿದ ಹುಡುಗರು ಪಟ್ಟಣದ ಕೆಲಸ ಬಿಟ್ಟು ಹೊಲಕ್ಕೆ ಮರಳಿದರು ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಅಕ್ಕನ ಗಂಡ ತೀರಿಕೊಂಡು ಸಂಸಾರ ಬೀದಿಗೆ ಬೀಳುವ ಹೊತ್ತಿಗೆ ರಾಜ್‌ಕುಮಾರ್ ಅವರ ರಾಜೀವ ಊರಿಗೆ ಬರುತ್ತಾನೆ. ಬರಡು ನೆಲ ಹಸನು ಮಾಡುತ್ತಾನೆ, ಭಾರತಿಯವರ ಲಕ್ಷ್ಮಿಯನ್ನು ಕೈಹಿಡಿಯುತ್ತಾನೆ, ಬಾಲಕೃಷ್ಣ ಅವರ ರಾಚೂಟಪ್ಪ ಬೆನ್ನಿಗೆ ನಿಲ್ಲುತ್ತಾನೆ. ಅತ್ತೆ ಅದನ್ನು ಮೊದಲು ನೋಡಿದ್ದು ತಿಪಟೂರಿನಲ್ಲಿ, ಮದುವೆಯಾದ ಹೊಸದರಲ್ಲಿ, ಮಾವನ ಜೊತೆ. ಬಸ್ಸಿನಲ್ಲಿ ಬಂದು, ಆಟ ನೋಡಿ, ಹೋಟೆಲಿನಲ್ಲಿ ಮಸಾಲೆದೋಸೆ ತಿಂದು ಹೋದ ವಿವರವನ್ನೆಲ್ಲ ಹೇಳುವಳು. ದೋಸೆಯ ಪಲ್ಯಕ್ಕೆ ಉಪ್ಪು ಕಮ್ಮಿಯಿತ್ತು ಎಂಬುದೂ ಅದರಲ್ಲಿ ಸೇರಿತ್ತು. ಮಾವ ತೀರಿಕೊಂಡು ಅವಳು ತೌರಿಗೆ ಬಂದಳು. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳು ನಮ್ಮ ಮನೆಯವಳೇ. ಅವಳ ಸಿನಿಮಾಕ್ಕೆ ನಾನು ಜೊತೆ.

ಟೆಂಟು ಇದ್ದದ್ದು ಕೆರೆಯ ಆಚೆ. ಸಂಜೆ ಅಲ್ಲಿನ ಧ್ವನಿವರ್ಧಕದಲ್ಲಿ ಘಂಟಸಾಲರು ವೆಂಕಟೇಶ್ವರನನ್ನು ಕರೆಯತೊಡಗಿದರೆ ಇಲ್ಲಿ ಅಡುಗೆಮನೆಗಳಲ್ಲಿ ಅವಸರ ಶುರುವಾಗುತ್ತಿತ್ತು. ಆ ಹಾಡು ನಿಂತರೆ ಟಿಕೆಟ್ ಕೊಡುವುದು ಮುಗಿಯಿತೆಂದೇ ಲೆಕ್ಕ. ಮುದ್ದೆ ಕಟ್ಟುವುದು, ಉಣ್ಣುವುದು, ಕರುವಿಗೆ ಹುಲ್ಲು ಹಾಕುವುದು ಎಲ್ಲವೂ ಘಂಟಸಾಲರ ಲಯಕ್ಕೇ. ನೆಲ, ಬೆಂಚು, ಕುರ್ಚಿ ಎಂದು ಮೂರು ಅಂತಸ್ತು. ನಮ್ಮದು ನೆಲ. ಹೆಂಗಸರ ಕಡೆ ಮರಳು ಗುಡ್ಡೆ ಮಾಡಿಕೊಂಡು ಎತ್ತರದಲ್ಲಿ ಕೂರಲು ಅವಕಾಶವಿತ್ತು. ಅತ್ತೆ ಗುಡ್ಡೆ ಮಾಡಿ, ಅದರ ಮೇಲೆ ಟವೆಲು ಹಾಸಿ, ಎಲೆಅಡಿಕೆಯ ಚೀಲ ಬಿಚ್ಚಿಕೊಂಡರೆ ಆಟ ಶುರುವಾಗಬಹುದು ಎಂದು ಅರ್ಥ.

ನಮ್ಮ ಟೆಂಟಿಗೆ ಬರುತ್ತಿದ್ದ ಪ್ರಿಂಟು ಹೊಸದಾಗಿರಲು ಸಾಧ್ಯವೇ ಇರಲಿಲ್ಲ. ಬೆಂಗಳೂರು, ತುಮಕೂರು, ತಾಲ್ಲೂಕು ಕೇಂದ್ರ ಎಂದು ಎಲ್ಲ ಕಡೆ ಓಡಿ, ಎಷ್ಟೋ ವರ್ಷ ಸವೆದು, ಕೊನೆಗೆ ಸೊಂಟ ಬಿದ್ದ ಮೇಲೆ ನಮ್ಮೂರಿಗೆ ಬರುತ್ತಿತ್ತು. ತೆರೆಯ ಮೇಲೆ ಸದಾ ಮಳೆ ಸುರಿಯುತ್ತಿತ್ತು, ಬೇಸಗೆಯ ದೃಶ್ಯದಲ್ಲೂ. ಒಂದು ರೀಲು ಎಂದರೆ ಸಾವಿರ ಅಡಿ, ಹನ್ನೊಂದು ನಿಮಿಷದ ಆಟ. ಅದು ಹರಿದಾಗೆಲ್ಲ ಆಪರೇಟರು ಹರಿದ ತುದಿಗಳನ್ನು ಬ್ಲೇಡಿನಿಂದ ಕೆರೆದು, ಫಿಲ್ಮ್ ಸಿಮೆಂಟ್ ಹಚ್ಚಿ ಅಂಟಿಸುತ್ತಿದ್ದ. ಒಂದೊಂದು ಅಂಟಿಗೂ ಒಂದೆರಡು ಚೌಕ ಹೋಗುತ್ತಿತ್ತು. ಅಂಚಿನ ತೂತುಗಳೇ ಕಿತ್ತುಹೋಗಿದ್ದರೆ ಮೊಳಗಟ್ಟಲೆ ಕತ್ತರಿಸಿ ಎಸೆಯಬೇಕಾಗುತ್ತಿತ್ತು. ಸೆಕೆಂಡಿಗೆ ಇಪ್ಪತ್ತನಾಲ್ಕು ಚೌಕದ ಲೆಕ್ಕದಲ್ಲಿ ಒಂದು ಮೊಳವೆಂದರೆ ಒಂದು ಸೆಕೆಂಡು. ನೋಡಿದಷ್ಟೂ ಚಿತ್ರ ಗಿಡ್ಡವಾಗುತ್ತಿತ್ತು. ನಮ್ಮೂರಿನವರು ಮತ್ತೆ ಮತ್ತೆ ನೋಡಿದ್ದು ಒಂದೇ ಚಿತ್ರವನ್ನಲ್ಲ ಎಂದೂ ಹೇಳಬಹುದು.

ಕತ್ತರಿಸಿ ಹೋದದ್ದನ್ನು ಹೆಂಗಸರ ಕಡೆಯವರು ತುಂಬಿಕೊಡುತ್ತಿದ್ದರು. ರಾಚೂಟಪ್ಪನ ಒಂದು ದೃಶ್ಯದಲ್ಲಿ ಚಿತ್ರ ಗಕ್ಕನೆ ನೆಗೆಯುತ್ತಿತ್ತು. ಬಾಗಿಲಲ್ಲಿ ನಿಂತಿದ್ದವನು ಮರುಕ್ಷಣ ಜಗಲಿಯ ಮೇಲೆ ಕೂತಿರುತ್ತಿದ್ದ, ನಡುವಿನ ಮಾತು ನಾಪತ್ತೆ. ಆ ಮಾತನ್ನು ಅತ್ತೆ ಹೇಳುತ್ತಿದ್ದಳು. ಬಾಯಲ್ಲಿದ್ದ ಎಲೆಅಡಿಕೆಯನ್ನು ಕೆನ್ನೆಯ ಪಕ್ಕಕ್ಕೆ ದೂಡಿ, ಗಂಟಲು ಸರಿಮಾಡಿಕೊಂಡು, ಗಂಡುಧ್ವನಿಯಲ್ಲಿ, ತೆರೆಯವನಿಗೂ ಕೇಳಿಸುವಷ್ಟು ಜೋರಾಗಿ. ಸುತ್ತಲಿನವರು ನಗುತ್ತಿದ್ದರು. ಬೆಂಚಿನವರೂ ತಿರುಗಿ ನೋಡುತ್ತಿದ್ದರು. ಯಾರಾದರೂ ಹೊಸಬರು ಸುಮ್ಮನಿರಮ್ಮ ಎಂದರೆ, ‘ಅವನು ಹೇಳಾಕಿಲ್ಲ ಕಣಪ್ಪ, ಅದುಕ್ಕೇ ನಾನು ಹೇಳಿದ್ದು’ ಎನ್ನುವಳು.

ಮಾತಿನ ಜೊತೆಗೆ ಬಣ್ಣವೂ ಹೋಗಿತ್ತು. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ಹಳದಿ, ಮಜೆಂಟಾ, ಸಯಾನ್ ಎಂಬ ಮೂರು ಬಣ್ಣದ ಪದರಗಳು. ಸಯಾನ್ ಎಂಬ ನೀಲಿಹಸಿರಿಗೆ ಆಯಸ್ಸು ಕಡಿಮೆ. ಡಬ್ಬಿಯೊಳಗೆ ಮುಚ್ಚಿಟ್ಟರೂ ಅದು ತಾನಾಗಿ ಮಾಸುತ್ತದೆ. ಉಳಿಯುವುದು ಕೆಂಪು. ನಾನು ಟೆಂಟಿನಲ್ಲಿ ನೋಡಿದ ‘ಬಂಗಾರದ ಮನುಷ್ಯ’ದಲ್ಲಿ ಆಕಾಶ ತಿಳಿಗೆಂಪು, ಪೈರು ಇಟ್ಟಿಗೆಯ ಬಣ್ಣ, ಲಕ್ಷ್ಮಿಯ ಸೀರೆಗಳೆಲ್ಲ ಒಂದೇ ಬಣ್ಣ. ನಾಡಿಗೇ ಹಸಿರಿನ ಆಸೆ ಹುಟ್ಟಿಸಿದ ಚಿತ್ರದಲ್ಲಿ ಹಸಿರೇ ಇರಲಿಲ್ಲ. ನನಗೆ ಅದರಲ್ಲಿ ಕೊರತೆಯೇನೂ ಕಂಡಿರಲಿಲ್ಲ. ರಾಜೀವ ದುಡಿದು ಬೆಳೆದದ್ದು ಕೆಂಪು ಭತ್ತ ಎಂದುಕೊಂಡಿದ್ದೆ.

ಇಷ್ಟೆಲ್ಲ ಪ್ರೀತಿಯ ಚಿತ್ರವನ್ನು ಅತ್ತೆ ಟೆಂಟಿನಲ್ಲಿ ಒಮ್ಮೆಯೂ ಕೊನೆಯವರೆಗೆ ನೋಡಲಿಲ್ಲ. ರಾಜೀವ ಲಕ್ಷ್ಮಿಯರ ಸಂಸಾರ ಚೆನ್ನಾಗಿ ಕುದುರಿ, ಹಾಡು ಮುಗಿದು, ಇನ್ನೇನು ಗೂಳಿ ನುಗ್ಗಬೇಕು ಎನ್ನುವಾಗ ಅತ್ತೆ ಟವೆಲು ಕೊಡವಿ ಏಳುತ್ತಿದ್ದಳು. ‘ಏಳೋ ಮಗ, ಮುಗೀತು.’ ಮುಗಿದಿಲ್ಲ ಎಂಬುದು ಟೆಂಟಿಗೆ ಟೆಂಟೇ ಕೂತಿರುವುದರಿಂದ ನನಗೂ ಗೊತ್ತಾಗುತ್ತಿತ್ತು. ‘ಇನ್ನೂ ಐತಲ್ಲತ್ತೆ’ ಎಂದರೆ, ‘ಮುಂದುಕ್ಕೆ ಚೆನ್ನಾಗಿಲ್ಲ’ ಎನ್ನುವಳು. ಗೇಟಿನವನಿಗೂ ರೂಢಿಯಾಗಿ, ಅತ್ತೆ ಎದ್ದಳೆಂದರೆ ಪರದೆ ಎತ್ತಿ ನಿಲ್ಲುತ್ತಿದ್ದ. ಕೆರೆಯ ಏರಿ ಇಳಿದರೆ ಟೆಂಟಿನ ಸದ್ದು ಅಡಗಿಹೋಗುತ್ತಿತ್ತು. ದಾರಿಯುದ್ದಕ್ಕೂ ಅವಳು ರಾಜೀವನ ಹೊಲದ ಬಗ್ಗೆ, ಅಕ್ಕನ ಮಕ್ಕಳ ಓದಿನ ಬಗ್ಗೆ ಪಕ್ಕದ ಊರಿನ ನೆಂಟರ ಸುದ್ದಿಯಂತೆ ಮಾತಾಡುತ್ತಿದ್ದಳು. ಅವಳ ಲೆಕ್ಕದಲ್ಲಿ ಆ ಸಂಸಾರ ಸುಖವಾಗಿತ್ತು. ಆ ಗೂಳಿಯಿಂದ ಲಕ್ಷ್ಮಿ ಸಾಯುವುದು, ಸಾಕಿದ ಹುಡುಗನೇ ತಿರುಗಿ ಬೀಳುವುದು, ರಾಜೀವ ಯಾರಿಗೂ ಹೇಳದೆ ಊರು ಬಿಡುವುದು, ಇದನ್ನೆಲ್ಲ ನಾನು ನೋಡಿದ್ದು ಕಾಲೇಜಿಗೆ ಬಂದ ಮೇಲೆ, ಬೆಂಗಳೂರಿನಲ್ಲಿ, ಒಬ್ಬನೇ.

ಗೊತ್ತಿದ್ದ ಕಥೆಯನ್ನೇ ಜನ ಮತ್ತೆ ನೋಡುವುದು ಮುಂದೇನಾಗುತ್ತದೆಂಬ ಹೆದರಿಕೆ ಇಲ್ಲದ್ದರಿಂದ ಎಂದು ತಿಳಿದವರು ಹೇಳುತ್ತಾರೆ. ಅತ್ತೆಯ ಹೆದರಿಕೆ ಎಷ್ಟು ಸಲ ನೋಡಿದರೂ ಹೋಗಲಿಲ್ಲ. ತಿಪಟೂರಿನಲ್ಲಿ ಮಾವನ ಪಕ್ಕ ಕೂತು ಪೂರ್ತಿ ನೋಡಿದ್ದಳಲ್ಲ, ಅಲ್ಲಿಗೆ ಸಾಕಾಗಿತ್ತು.

ಆಮೇಲಿನದ್ದು ಎಲ್ಲ ಊರುಗಳ ಕಥೆ. ದೂರದರ್ಶನ ಬಂತು, ಭಾನುವಾರ ಸಂಜೆಯ ಸಿನಿಮಾ ಬಂತು. ನಾಲ್ಕು ಮನೆ ಸೇರಿ ವಿಸಿಪಿ ಬಾಡಿಗೆಗೆ ತರುವ ಕಾಲ ಬಂತು. 1994ರಲ್ಲಿ ಉದಯ ಟಿವಿ ಶುರುವಾದ ಮೇಲಂತೂ ‘ಗಣೇಶನ ಮದುವೆ’ಯ ವಠಾರ ನಮ್ಮ ಓಣಿಯ ಮುಂದುವರಿಕೆಯೇ ಆಯಿತು. ಪೇಟೆಯ ಹುಡುಗರು ‘ಓಂ’ ಮತ್ತೆ ಬಿಡುಗಡೆಯಾದಾಗಲೆಲ್ಲ ಮೊದಲ ದಿನದ ಹುರುಪಿನಲ್ಲೇ ನುಗ್ಗಿದರು. ನಮ್ಮ ಟೆಂಟು ಒಂದು ಮಳೆಗಾಲದಲ್ಲಿ ಮುಚ್ಚಿದ್ದು ತೆರೆಯಲೇ ಇಲ್ಲ. ಅಲ್ಲೀಗ ಕಲ್ಯಾಣಮಂಟಪವಿದೆ. ಬೆಂಗಳೂರಿನ ಗಾಂಧಿನಗರದಲ್ಲಿ 1968ರಿಂದ ನಿಂತಿದ್ದ, ಅಷ್ಟು ಅಗಲದ ತೆರೆಯ ಕಪಾಲಿಯೇ 2017ರಲ್ಲಿ ಬಾಗಿಲು ಹಾಕಿತೆಂದ ಮೇಲೆ ನಮ್ಮ ಟೆಂಟಿನದೇನು ದೊಡ್ಡ ಮಾತು.

ಅತ್ತೆ ಮುದುಕಿಯಾದಳು. ಟಿವಿಯಲ್ಲಿ ಒಂದು ಮಧ್ಯಾಹ್ನ ‘ಬಂಗಾರದ ಮನುಷ್ಯ’ ಹಾಕಿದಾಗ ನಾನು ಊರಿನಲ್ಲಿದ್ದೆ. ಎಲ್ಲಿಂದಲೋ ಒಳ್ಳೆಯ ಪ್ರತಿ ಹಿಡಿದಿದ್ದರು. ಪೈರು ಹಸಿರಾಗಿತ್ತು. ಅತ್ತೆ ಮುಂದಕ್ಕೆ ಬಗ್ಗಿ ನೋಡಿದಳು. ‘ತಿಪಟೂರಲ್ಲಿ ಹಿಂಗೇ ಇತ್ತು’ ಎಂದಳು. ಟೆಂಟಿನ ಕೆಂಪನ್ನು ಅವಳು ಇಷ್ಟು ವರ್ಷ ಸಹಿಸಿಕೊಂಡಿದ್ದಳೆಂದು ನನಗೆ ಆವತ್ತೇ ತಿಳಿದದ್ದು. ಗೂಳಿಯ ಹೊತ್ತಿಗೆ ಸರಿಯಾಗಿ ರಿಮೋಟ್ ಒತ್ತಿ ಚಾನೆಲ್ ಬದಲಾಯಿಸಿದಳು. ಅಲ್ಲಿ ಯಾರೋ ಒಗ್ಗರಣೆ ಹಾಕುತ್ತಿದ್ದರು. ರಿಮೋಟ್ ಬಂದಮೇಲೆ ಅವಳಿಗೆ ಕೆರೆಯ ಏರಿ ಹತ್ತಿಳಿಯುವ ಶ್ರಮ ತಪ್ಪಿತ್ತು.

2014ರಲ್ಲಿ ‘ಕಸ್ತೂರಿ ನಿವಾಸ’ ಬಣ್ಣದಲ್ಲಿ ಬಂತು. 1971ರ ಕಪ್ಪುಬಿಳುಪು ಚಿತ್ರ. ಬಣ್ಣವಿದ್ದದ್ದು ಬಣ್ಣ ಕಳೆದುಕೊಂಡದ್ದನ್ನು ನೋಡಿದ್ದ ನನಗೆ ಬಣ್ಣವಿಲ್ಲದ್ದು ಬಣ್ಣ ಪಡೆದದ್ದನ್ನೂ ನೋಡುವ ಯೋಗ. ಚಿತ್ರಮಂದಿರದ ತುಂಬ ತಲೆ ನರೆತವರು. ಊಟಕ್ಕೆ ಬಂದವಳಿಗೆ ಬಡಿಸಲು ಕೈಯಲ್ಲಿ ಕಾಸಿಲ್ಲದೆ ಪ್ರೀತಿಯ ಪಾರಿವಾಳವನ್ನೇ ಮಾರಿದ ಮನುಷ್ಯನೆದುರು ಆಕೆ ಅದೇ ಪಾರಿವಾಳವನ್ನು ಕೇಳುವ ದೃಶ್ಯಕ್ಕೆ ಮುಂಚೆಯೇ ನನ್ನ ಪಕ್ಕದವರು ಕರವಸ್ತ್ರ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಳುವಿಗೂ ಪೂರ್ವಸಿದ್ಧತೆ. ಕೇಳದೆಯೇ ಹೇಳಿದರು, ‘ಮನೆಯವಳ ಜೊತೆ ನೋಡಿದ್ದೆ.’ ಮನೆಯವರ ಬಗ್ಗೆ ಮುಂದೆ ಕೇಳುವ ಅಗತ್ಯ ಬೀಳಲಿಲ್ಲ. ಅತ್ತೆ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ.

ಈಗ ‘ಬಂಗಾರದ ಮನುಷ್ಯ’ ನನ್ನ ಫೋನಿನಲ್ಲೇ ಸಿಗುತ್ತದೆ. ಮಳೆಯಿಲ್ಲ, ನೆಗೆತವಿಲ್ಲ. ರಾಚೂಟಪ್ಪ ಬಾಗಿಲಿಂದ ಜಗಲಿಯವರೆಗೆ ನೆಟ್ಟಗೆ ನಡೆದು ಬರುತ್ತಾನೆ, ಹೇಳಬೇಕಾದ್ದನ್ನು ತಾನೇ ಹೇಳುತ್ತಾನೆ. ಅತ್ತೆ ಹೇಳುತ್ತಿದ್ದದ್ದು ಆ ಮಾತಲ್ಲ. ಅವಳದು ಇನ್ನೂ ಉದ್ದವಿತ್ತು, ಅದರಲ್ಲೊಂದು ಬೈಗುಳವೂ ಇತ್ತು. ಆ ಸಂಭಾಷಣೆ ಅವಳೇ ಬರೆದದ್ದೆಂದು ನಮಗಾರಿಗೂ ತಿಳಿದಿರಲಿಲ್ಲ. ತಿಪಟೂರಿನಲ್ಲಿ ಒಮ್ಮೆ ಪೂರ್ತಿ ಕೇಳಿದ್ದವಳು ತಿಳಿದೇ ಬದಲಾಯಿಸಿದಳೋ ಮರೆತು ಕಟ್ಟಿಕೊಂಡಳೋ ಕೇಳೋಣವೆಂದರೆ ಅವಳಿಲ್ಲ. ಹಳೆಯ ಚಿತ್ರಗಳನ್ನು ಚೊಕ್ಕ ಮಾಡಿ ಉಳಿಸುವವರಿಗೆ ನಾನು ಋಣಿ. ಆದರೆ ಅವರು ಗೀರುಗಳನ್ನು ಒರೆಸುವಾಗ ಗೀರಿನ ಸಂದಿಯಲ್ಲಿ ಕೂತಿದ್ದವರೂ ಒರೆಸಿಹೋಗುತ್ತಾರೆ. ಚಿತ್ರ ಪೂರ್ತಿಯಾದಷ್ಟೂ ನಮಗೆ ತುಂಬಿಕೊಡಲು ಜಾಗ ಉಳಿಯುವುದಿಲ್ಲ.

ಹಾಗೆಂದು ನೋಡುವುದನ್ನು ಬಿಟ್ಟಿಲ್ಲ. ಮೊದಲಿಂದ ಶುರುಮಾಡಿದರೆ ಸುಖದ ದೃಶ್ಯಗಳೇ ಕಷ್ಟ. ರಾಜೀವ ನೇಗಿಲು ಹಿಡಿದರೆ ಅತ್ತೆ, ಲಕ್ಷ್ಮಿ ನಕ್ಕರೆ ಅತ್ತೆ, ರಾಚೂಟಪ್ಪ ಬಾಗಿಲಿಗೆ ಬಂದರಂತೂ ಮುಗಿದೇಹೋಯಿತು. ಅದಕ್ಕೇ ಬೆರಳಲ್ಲಿ ಸರಿಸಿ ನೇರ ಗೂಳಿ ಬರುವಲ್ಲಿಗೆ ಹೋಗುತ್ತೇನೆ. ಅಲ್ಲಿಂದಾಚೆಗೆ ಅವಳು ನನ್ನ ಪಕ್ಕ ಎಂದೂ ಕೂತವಳಲ್ಲ. ಸಾವು, ಅಪವಾದ, ಊಟದ ಎಲೆಯಿಂದ ಎದ್ದು ಹೊರಟ ರಾಜೀವ, ಎಲ್ಲವನ್ನೂ ಒಂದು ಸಿನಿಮಾ ನೋಡುವ ಹಾಗೆ ನಿರಾಳವಾಗಿ ನೋಡಬಹುದು. ಮೊನ್ನೆ ಮಗಳು ಹೆಗಲ ಮೇಲಿಂದ ಇಣುಕಿ, ‘ಇದೆಂಥ ಅಭ್ಯಾಸ ಅಪ್ಪ, ಚೆನ್ನಾಗಿರೋದನ್ನೆಲ್ಲ ಬಿಟ್ಟು ಬರೀ ಗೋಳಿನ ಭಾಗ ನೋಡ್ತೀಯ?’ ಎಂದಳು. ಇದೇ ಸುಲಭದ ಭಾಗ ಎಂದೆ. ಅವಳು ನಂಬಲಿಲ್ಲ.