ಬಿಡದಿಯಲ್ಲಿ ಕ್ಯೂ ಗೆದ್ದ ಕಥೆ!

ಕ್ಯೂ ಅಂದರೆ ಹೆದರುವ ಜಾತಿಯವನಲ್ಲ ನಾನು. ಮೆಜೆಸ್ಟಿಕ್ ಸುತ್ತಮುತ್ತಲ ಟಾಕೀಸುಗಳ ಗಾಂಧಿ ಕ್ಲಾಸ್ ಕೌಂಟರಿನಲ್ಲಿ ಅಂಗಿ ಗುಂಡಿ ಕಳಕೊಂಡು, ಒಮ್ಮೆ ಒಂದು ಕಾಲಿನ ಚಪ್ಪಲಿಯನ್ನೂ ಬಿಟ್ಟು, ಹೌಸ್‌ಫುಲ್ ಬೋರ್ಡು ನೇತಾಡುವುದಕ್ಕೆ ಮುಂಚೆ ಟಿಕೆಟ್ ಕಿತ್ತುಕೊಂಡು ಬಂದ ವೀರ! ಅಂಥವನಿಗೆ ಬಿಡದಿಯ ವಂಡರ್‌ಲಾ ಕ್ಯೂ ಯಾವ ಲೆಕ್ಕ ಅಂದುಕೊಂಡಿದ್ದೆ. ಗುರುವೇ, ಎಡವಿದ್ದೇ ಅಲ್ಲಿ.

2022ರ ಮೇ ತಿಂಗಳು. ತಿಪಟೂರಿನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ನನ್ನ ತಮ್ಮನಿಗೆ ಸೌದಿಗೆ ವೀಸಾ ಬಂದಿತ್ತು. "ಅಣ್ಣಾ, ಹೋಗೋಕೆ ಮುಂಚೆ ಆ ರಿಕಾಯ್ಲ್ ಒಂದ್ಸಲ ಹತ್ತಿಸಣ್ಣ" ಅಂದ. ಅದು ಹೇಗೆ ಅಂತೀರಾ? ಕೂರಿಸಿ, ಮೇಲಕ್ಕೆ ಎಳೆದು, ತಲೆಕೆಳಗಾಗಿ ಸುತ್ತಿಸಿ, ಆಮೇಲೆ ಅದೇ ದಾರಿಯಲ್ಲಿ ಹಿಂದುಮುಂದಾಗಿ ವಾಪಸ್ ತರುವ ಗಾಡಿ. ರೀಲನ್ನು ಉಲ್ಟಾ ಓಡಿಸಿದ ಹಾಗೆ!

ನಾವು ಹೋದದ್ದು ಭಾನುವಾರ. ಅದೂ ಬೇಸಿಗೆ ರಜೆಯಲ್ಲಿ. ಅದೂ ಬಿಡದಿಯ ತಟ್ಟೆ ಇಡ್ಲಿ ಸಾವಕಾಶವಾಗಿ ತಿಂದು, ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ. ತಪ್ಪು ಪೂರ್ತಿ ನಮ್ಮದೇ ಬಿಡಿ. ಕತ್ತಲಾಗುವ ಹೊತ್ತಿಗೆ ಆಗಿದ್ದು ಐದೇ ಆಟ. ರಿಕಾಯ್ಲ್ ಕ್ಯೂನ ಬಾಲ ಹಿಡಿದಾಗ ಊರಿನ ಬಸ್ಸಿಗೆ ಹೊತ್ತಾಗಿತ್ತು, ಅರ್ಧದಲ್ಲೇ ಹೊರಗೆ ಬಂದೆವು. ಬಸ್ಸಿನಲ್ಲಿ ತಮ್ಮ ಹೇಳಿದ್ದು ಒಂದೇ ಮಾತು. "ಬಿಡಣ್ಣಾ, ಕಣ್ಣಲ್ಲಾದ್ರೂ ನೋಡಿದ್ನಲ್ಲ." ಆ ಮಾತು ಎರಡು ವರ್ಷ ನನ್ನನ್ನು ಚುಚ್ಚಿತು.

ಯೋಚಿಸಿದರೆ, ಟಾಕೀಸಿನ ಕ್ಯೂಗೂ ಇದಕ್ಕೂ ಅಜಗಜಾಂತರ. ಟಾಕೀಸಿನಲ್ಲಿ ಎಷ್ಟೇ ಹೊತ್ತು ನಿಂತರೂ ಒಳಗೆ ಹೋದವನಿಗೆ ಪೂರ್ತಿ ಎರಡೂವರೆ ಗಂಟೆ ಪಿಕ್ಚರ್ ಸಿಗುತ್ತೆ. ಇಲ್ಲಿ ನಿಂತಷ್ಟು ಹೊತ್ತೂ ನಿಮ್ಮ ಪಿಕ್ಚರೇ ಕತ್ತರಿಗೆ ಬೀಳುತ್ತೆ!

ಮುಂಗಡ ಒಂದು ಲೆಕ್ಕ ಕಲಿತಿರಿ. ಒಂದು ಸಲಕ್ಕೆ ಇಪ್ಪತ್ತು ಜನ ಕೂರುವ ಆಟ ಅಂತಿಟ್ಟುಕೊಳ್ಳಿ. ಹತ್ತಿಸಿ, ಬೆಲ್ಟ್ ನೋಡಿ, ಸುತ್ತಿಸಿ, ಇಳಿಸಿ ಐದು ನಿಮಿಷ. ಗಂಟೆಗೆ 240 ತಲೆ. ನಿಮ್ಮ ಮುಂದೆ 120 ಜನ ಇದ್ದರೆ ಅರ್ಧ ಗಂಟೆ ಖಾತ್ರಿ, ನೂಕಿದರೂ ಅಷ್ಟೆ, ಕಿರುಚಿದರೂ ಅಷ್ಟೆ. ಕ್ಯೂ ಉದ್ದ ನೋಡಿ ಎದೆ ಒಡ್ಕೋಬೇಡಿ, ತಲೆ ಎಣಿಸಿ.

ಅಂದ ಹಾಗೆ ಜಾಗದ ವಿಷಯ. ವಿ-ಗಾರ್ಡ್ ಸ್ಟೆಬಿಲೈಜರ್ ಕಟ್ಟಿದ ಕೇರಳದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ಮೊದಲ ಪಾರ್ಕ್ ಮಾಡಿದರು, 2005ರಲ್ಲಿ ಮೈಸೂರು ರಸ್ತೆಯ ಬಿಡದಿ ಹತ್ತಿರ ಇದನ್ನು ತೆರೆದರು. ಅದೇ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ರಾಮನಗರ. 1975ರ 'ಶೋಲೆ'ಯಲ್ಲಿ ಗಬ್ಬರ್ ಓಡಾಡಿದ ಬಂಡೆಗಳು! ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಂಡರೆ ಎರಡೂ ಕೆಡುತ್ತೆ, ಎಚ್ಚರ.

2024ರ ಜುಲೈನಲ್ಲಿ ತಮ್ಮ ರಜೆಗೆ ಬಂದ. ಈ ಸಲ ಡೈರೆಕ್ಷನ್ ನನ್ನದು. ಬುಧವಾರ ಆರಿಸಿದೆ. ವಾರದ ದಿನ ಅಂದ ಮಾತ್ರಕ್ಕೆ ಮೈಮರೆಯಬೇಡಿ, ನವೆಂಬರ್‌ನಿಂದ ಜನವರಿವರೆಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲಾಗಿ ಬಂದು ನಿಲ್ಲುತ್ತವೆ. ಟಿಕೆಟ್ ಮೊಬೈಲಿನಲ್ಲೇ ಮಾಡಿಸಿದ್ದೆ, ಕೌಂಟರಿನ ಕ್ಯೂ ಅಲ್ಲಿಗೆ ಮುಗೀತು. 2023ರಲ್ಲಿ ಚಲ್ಲಘಟ್ಟದವರೆಗೆ ಬಂದ ಮೆಟ್ರೋ ಹಿಡಿದು, ಅಲ್ಲಿಂದ ಬಸ್ಸಿನಲ್ಲಿ, ಗೇಟು ತೆಗೆಯುವುದಕ್ಕೆ ಅರ್ಧ ಗಂಟೆ ಮೊದಲೇ ಹಾಜರ್. ಇಡ್ಲಿ ಪಾರ್ಸೆಲ್!

ಗೇಟು ತೆಗೆದ ಕೂಡಲೇ ಜನ ಏನು ಮಾಡ್ತಾರೆ? ಮೊದಲು ಕಣ್ಣಿಗೆ ಬಿದ್ದ ಆಟಕ್ಕೆ ಮುತ್ತಿಕೊಳ್ಳುತ್ತಾರೆ, ಇಲ್ಲವೇ ಫೋಟೋಗೆ ನಿಲ್ಲುತ್ತಾರೆ. ನಾವು ಅದೆಲ್ಲ ದಾಟಿ ಸೀದಾ ರಿಕಾಯ್ಲ್‌ಗೆ. ಮೊದಲ ಒಂದು ಗಂಟೆ ಚಿನ್ನ ಕಣ್ರೀ. ಅದರಲ್ಲಿ ದೊಡ್ಡ ಆಟಗಳನ್ನು ಮುಗಿಸಬೇಕು, ಬಾಕಿ ಆಮೇಲೆ. ನೀರಾಟಕ್ಕೆ ನೈಲಾನ್ ಬಟ್ಟೆಯೇ ಆಗಬೇಕು, ಬದಲಾಯಿಸುವುದಕ್ಕೇ ಹೊತ್ತು ಹೋಗುತ್ತೆ. ಆದ್ದರಿಂದ ಒಣ ಆಟ ಮುಗಿಸಿ ಒಂದೇ ಸಲ ಒದ್ದೆಯಾಗಿ. ಅಲೆಕೊಳದಲ್ಲಿ ಅಲೆ ಬಿಡುವ ಹೊತ್ತಿಗೆ ಎಲ್ಲರೂ ಅಲ್ಲಿಗೆ ಓಡ್ತಾರೆ, ಆಗ ಜಾರುಬಂಡಿಗಳ ಕಡೆ ಹೋಗಿ ನೋಡಿ, ಕ್ಯೂ ಕರಗಿರುತ್ತೆ. ಊಟವೂ ಹಾಗೇ. ಎಲ್ಲರೂ ಉಣ್ಣುವ ಹೊತ್ತಲ್ಲಿ ಆಟ ಆಡಿ, ಮೂರು ಗಂಟೆ ಮೇಲೆ ಅನ್ನ. ಹೊಟ್ಟೆ ಚುರ್ ಅಂತು, ಸುಳ್ಳು ಯಾಕೆ ಹೇಳಲಿ!

ಕಾಸಿದ್ದವರಿಗೆ ಫಾಸ್ಟ್‌ಟ್ರಾಕ್ ಟಿಕೆಟ್ ಉಂಟು, ಜಾಸ್ತಿ ಕೊಟ್ಟರೆ ಬೇರೆ ಸಾಲು. ಅಮೆರಿಕದ ಡಿಸ್ನಿಯವರು 1999ರಲ್ಲಿ ಇಂಥ ಚೀಟಿಯನ್ನು ಪುಕ್ಕಟೆ ಕೊಡಲು ಶುರು ಮಾಡಿ, 2021ರಿಂದ ದುಡ್ಡಿಗೆ ಮಾರತೊಡಗಿದರು. ಅದೇ ಡಿಸ್ನಿಲ್ಯಾಂಡ್ ಶುರುವಾದ ದಿನ, 1955ರ ಜುಲೈ 17ರಂದು, ಖೋಟಾ ಟಿಕೆಟ್ ಹಿಡಿದು ಸಾವಿರಾರು ಜನ ನುಗ್ಗಿದ್ದರು. ಬ್ಲ್ಯಾಕ್ ಟಿಕೆಟ್ ಬುದ್ಧಿ ನಮ್ಮೋರದ್ದೇ ಅಂತ ಯಾರಂದ್ರು? ನನಗಂತೂ ಫಾಸ್ಟ್‌ಟ್ರಾಕ್ ಬಾಲ್ಕನಿ ಟಿಕೆಟ್ ಇದ್ದ ಹಾಗೆ. ತಪ್ಪಲ್ಲ, ಆದರೆ ನನ್ನ ಜೇಬಿಗೆ ಗಾಂಧಿ ಕ್ಲಾಸೇ ಸೈ. ಬುಧವಾರ ಬೆಳಿಗ್ಗೆ ಅದರ ಅಗತ್ಯವೂ ಬರಲಿಲ್ಲ.

ಆ ಬೆಳಿಗ್ಗೆಯ ಮಾತಿಗೆ ಬರ್ತೀನಿ. ರಿಕಾಯ್ಲ್‌ನಲ್ಲಿ ತಮ್ಮ ಮುಂದಿನ ಸಾಲು, ನಾನು ಪಕ್ಕ. ಮೇಲಕ್ಕೆ ಎಳೆಯುವಾಗ ಬಾಯಿ ಬಡಾಯಿ ಜೋರಿತ್ತು. ಬಿಟ್ಟಾಗ ಇಬ್ಬರಿಗೂ ಅವ್ವನ ನೆನಪು! ಇಳಿದ ಮೇಲೆ ತಮ್ಮ ಕಂಬಿ ಹಿಡಿದು ನಿಂತ. ಮರಳುಗಾಡಿನಲ್ಲಿ ಎರಡು ವರ್ಷ ಬೆಂದು ಕಪ್ಪಾದ ಮುಖ, ಕಣ್ಣಲ್ಲಿ ನೀರು. ಗಾಳಿಗೋ ಇನ್ಯಾಕೋ, ನಾನು ಕೇಳಲಿಲ್ಲ.

"ಅಣ್ಣಾ... ಇನ್ನೊಂದ್ಸಲ?"

ತಿರುಗಿ ತಲೆ ಎಣಿಸಿದೆ. ನಲವತ್ತೂ ಇರಲಿಲ್ಲ.

"ಹತ್ತೇ ನಿಮಿಷ ಕಣೋ, ನಡಿ" ಅಂದೆ.