ಸೋಮೇಶ್ವರ ಬಿಟ್ಟುಹೋದ ವಿನೋದ

ಪತ್ರಿಕೆಯ ಒಳಪುಟದಲ್ಲೊಂದು ಫೋಟೊ. ಡಾಂಬರು ರಸ್ತೆಯ ಮೇಲೆ ಬೈಕುಗಳಿಂದ ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿದ್ದಾರೆ. ಅವುಗಳ ಮೇಲೆ ರೋಡ್ ರೋಲರ್ ಹೊರಟಿದೆ, ಪಕ್ಕದಲ್ಲಿ ಪೊಲೀಸರು ಕೈಕಟ್ಟಿ ನಿಂತಿದ್ದಾರೆ. ಶಿವಮೊಗ್ಗ, ದಾವಣಗೆರೆ ಕಡೆ ಈ ಸಮಾರಂಭ ಆಗಾಗ ನಡೆಯುತ್ತದೆ. ನಡುರಾತ್ರಿ ಪಟಾಕಿ ಸಿಡಿಸಿದಂತೆ ಬೈಕ್ ಓಡಿಸುವ ಹುಡುಗರ ಮೇಲೆ ನನಗೂ ಮಮತೆಯಿಲ್ಲ. ಆದರೂ ಒಂದು ತುದಿ ಸಪೂರ, ಇನ್ನೊಂದು ತುದಿ ಅಗಲ, ಮೈಯೆಲ್ಲ ಹೊಳಪು ಇದ್ದ ಆ ಸಾಲು ಮದುವೆ ಮುಗಿದ ಮೇಲೆ ಬಾಜಾದವರು ಜಮಖಾನೆಯ ಮೇಲೆ ಮಲಗಿಸಿಟ್ಟ ಶಹನಾಯಿಗಳ ಹಾಗೆ ಕಂಡಿತು.

ಶಹನಾಯಿ ನೆನಪಾದದ್ದೇ ತಡ, ನಾನು ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ, ಹೋಗಿಬಿಟ್ಟೆ. ನಮ್ಮ ಸೀಮೆಯವರ ಚಟವೇ ಅದು. ಏನು ಕಂಡರೂ ‘ಇದು ನಮ್ಮಲ್ಲಿ ಹನ್ನೆರಡನೆಯ ಶತಮಾನದಲ್ಲೇ ಇತ್ತು’ ಎನ್ನಬೇಕು. ಉಳಿದವರು ಬಸವಣ್ಣನವರ ಹತ್ತಿರ ಹೋಗಿ ನಿಲ್ಲುತ್ತಾರೆ. ನಾನು ಇನ್ನೂ ಕೆಲವು ದಶಕ ಹಿಂದಕ್ಕೆ ನಡೆದು ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಅರಮನೆಯ ಮುಂದೆ ಚಪ್ಪಲಿ ಬಿಡುತ್ತೇನೆ. ಅಪ್ಪ ಆರನೆಯ ವಿಕ್ರಮಾದಿತ್ಯ ಐವತ್ತು ವರ್ಷ ಆಳಿ, ತನ್ನ ಹೆಸರಿನ ಶಕೆಯನ್ನೇ ನಡೆಸಿದವನು. 1126ರಲ್ಲಿ ಪಟ್ಟಕ್ಕೆ ಬಂದ ಮಗನಿಗೆ ಗೆಲ್ಲಲು ಹೆಚ್ಚೇನೂ ಉಳಿದಿರಲಿಲ್ಲವೇನೋ, ಪುಸ್ತಕ ಬರೆಯಲು ಕುಳಿತ. ‘ಮಾನಸೋಲ್ಲಾಸ’ದಲ್ಲಿ ಐದು ವಿಂಶತಿಗಳು, ಒಂದೊಂದರಲ್ಲಿ 20 ಅಧ್ಯಾಯ, ಒಟ್ಟು ನೂರು. ರಾಜ್ಯ ಗಳಿಸುವುದು, ಉಳಿಸುವುದು ಎಂಬ ಕಷ್ಟದ ಕೆಲಸಗಳನ್ನು ಮೊದಲ ಎರಡರಲ್ಲಿ ಮುಗಿಸಿ ಉಳಿದದ್ದನ್ನು ಸುಖಕ್ಕೆ ಬಿಟ್ಟುಕೊಟ್ಟ ಅರಸ. ಸ್ನಾನ, ತಾಂಬೂಲ, ಅನ್ನ, ಹಾಸಿಗೆ, ಧೂಪ. ಆಮೇಲೆ ವಿನೋದಗಳು: ಗಜ, ವಾಜಿ, ಮಲ್ಲ, ಕುಕ್ಕುಟ, ಮೇಷ, ಮಹಿಷ, ಮತ್ಸ್ಯ, ಗೀತ, ವಾದ್ಯ, ನೃತ್ಯ. ಕೋಳಿಜಗಳಕ್ಕೂ ಟಗರಿನ ಕಾಳಗಕ್ಕೂ ಒಂದೊಂದು ಅಧ್ಯಾಯ ಕೊಟ್ಟ ದೊರೆ ನಮ್ಮವನು.

ಅವನ ವಾದ್ಯಗಳಲ್ಲಿ ತಂತಿಯವು, ಚರ್ಮ ಹೊದ್ದವು, ಕಂಚಿನವು, ಗಾಳಿಯವು ಎಂಬ ಹಳೆಯ ನಾಲ್ಕು ಕುಲಗಳಿವೆ. ಗಾಳಿಯವು ಅಂದರೆ ಸುಷಿರ. ಒಳಗೆ ಪೊಳ್ಳು, ಒಂದು ಕಡೆಯಿಂದ ಉಸಿರು ಹೊಕ್ಕು ಇನ್ನೊಂದು ಕಡೆಯಿಂದ ದನಿಯಾಗಿ ಬರಬೇಕು. ನನ್ನ ಲೆಕ್ಕದಲ್ಲಿ ಸೈಲೆನ್ಸರು ಇದೇ ಕುಲದ್ದು. ಸೋಮೇಶ್ವರ ಯಾನೋಪಭೋಗವೆಂದು ವಾಹನಗಳಿಗೊಂದು ಅಧ್ಯಾಯ ಕೊಟ್ಟ, ವಾದ್ಯಗಳಿಗೊಂದು ಕೊಟ್ಟ. ಮೊದಲನೆಯದು ಮೂರನೆಯ ವಿಂಶತಿಯಲ್ಲಿ, ಎರಡನೆಯದು ನಾಲ್ಕನೆಯದರಲ್ಲಿ. ವಾಹನವೇ ವಾದ್ಯವಾದೀತೆಂದು ಹೊಳೆಯಲಿಲ್ಲ. ಆ ಕೊರತೆ ತುಂಬಿದ್ದು ನಮ್ಮ ಕಾಕಾ.

ಕಾಕಾ ಲಾರಿ ಡ್ರೈವರ್ ಆಗಿದ್ದವರು. ಸೋಲಾಪುರದಿಂದ ಹೈದರಾಬಾದಿಗೆ, ಅಲ್ಲಿಂದ ಬೆಜವಾಡಕ್ಕೆ, ಒಂದೇ ರಸ್ತೆಯಲ್ಲಿ ಆಯುಷ್ಯ ಸವೆಸಿದರು. ಅದು 9ನೇ ನಂಬರಿನ ಹೆದ್ದಾರಿಯಾಗಿದ್ದಾಗ ಗಾಡಿ ಹತ್ತಿದವರು, 65 ಆಗುವ ಹೊತ್ತಿಗೆ ಇಳಿದು, ಬಸವಕಲ್ಯಾಣದ ಹೊರಗಿನ ಸಸ್ತಾಪುರ ಬಂಗ್ಲಾದ ಒಂದು ಢಾಬಾದ ಮುಂದೆ ಹೊರಸು ಹಾಕಿಕೊಂಡರು. ಕಣ್ಣಿಗೆ ಪೊರೆ ಬಂದಿತ್ತು. ಸಂಜೆಯಾದರೆ ರಸ್ತೆಗೆ ಬೆನ್ನುಮಾಡಿ ಕೂತು, ಬರುವ ಗಾಡಿಯನ್ನು ಕಿವಿಯಿಂದಲೇ ಹೇಳುವುದು ಅವರ ಆಟ. ಹೇಳಿದ್ದು ಸರಿಯಾದರೆ ಎದುರು ಕೂತವನು ಚಾ ಕುಡಿಸಬೇಕು, ತಪ್ಪಾದರೆ ಕಾಕಾ ಕುಡಿಸಬೇಕು. ಎರಡನೆಯದು ನಡೆದದ್ದನ್ನು ನಾನು ಕಂಡಿಲ್ಲ.

“ಹಿಂದ ಬರ್ಲತ್ತದಲ್ಲ, ಅದು ಲೋಡ್ ಗಾಡಿ. ಮುಂದಿಂದು ಖಾಲಿ.”

“ಹ್ಯಾಂಗ ಗೊತ್ತಾಯ್ತು ಕಾಕಾ?”

“ಖಾಲಿ ಗಾಡಿ ಭಾಳ ಮಾತಾಡ್ತದ.”

ಲೋಡು ಒಂದೇ ಅಲ್ಲ. ಲೇಲ್ಯಾಂಡೋ ಟಾಟಾನೋ, ಯಾವ ಗೇರಿನಲ್ಲಿದೆ, ಉಮರ್ಗಾ ಕಡೆಯಿಂದ ಬಂತೋ ಜಹೀರಾಬಾದ್ ಕಡೆಯಿಂದಲೋ, ಡ್ರೈವರ್ ಹೊಸಬನೋ ಹಳಬನೋ, ಎಲ್ಲವೂ ಆ ಬೆನ್ನಿಗೆ ಕಾಣುತ್ತಿತ್ತು. “ಇಂವಾ ಪಂಪಿನ ಕೆಲ್ಸ ಮುಂದ ಹಾಕ್ಯಾನ” ಎಂದರೆ, ಆ ಲಾರಿ ಕರಿಹೊಗೆ ಬಿಡುತ್ತ ಹಾದುಹೋಗುತ್ತಿತ್ತು. ಇದರ ಹಿಂದೆ ಮಂತ್ರವೇನಿಲ್ಲ, ಬರಿಯ ಲೆಕ್ಕ. ನಿಮಿಷಕ್ಕೆ 750 ಸುತ್ತಿನಲ್ಲಿ ನಿಂತಲ್ಲೇ ಓಡುವ ನಾಲ್ಕು ಸಿಲಿಂಡರಿನ ಇಂಜಿನ್ನು ಸೆಕೆಂಡಿಗೆ 25 ಸಲ ಉಸಿರು ಬಿಡುತ್ತದೆ. ಅದೇ ವೇಗದಲ್ಲಿ ಆರು ಸಿಲಿಂಡರಿನ ಲಾರಿ 37-38 ಸಲ, ಎರಡು ಸಿಲಿಂಡರಿನದು ಹನ್ನೆರಡು-ಹದಿಮೂರು ಸಲ. 2005ರಲ್ಲಿ ಟಾಟಾ ಏಸ್ ಬಂದಾಗ ಕಾಕಾ ಕುಪ್ಪಳಿಸಿದ್ದು ಇದಕ್ಕೇ. ಎರಡೇ ಸಿಲಿಂಡರ್, 702 ಸಿಸಿ, ಸಾವಿರ ಗಾಡಿಗಳ ನಡುವೆ ಬಂದರೂ ಗುರುತು ತಪ್ಪದು. ಜನ ಅದಕ್ಕೆ ಛೋಟಾ ಹಾಥಿ ಎಂದು ಹೆಸರಿಟ್ಟರು. ಗಜವಿನೋದ ಬರೆದ ಅರಸನ ಊರಿನ ಹೊರಗೆ ಆನೆ ಎಂಟುನೂರು ಚಿಲ್ಲರೆ ವರ್ಷದ ಮೇಲೆ ಹೀಗೆ ಮರಳಿ ಬಂತು.

ಕಾಕಾನ ಆಟ ಕೆಟ್ಟದ್ದು 2020ರ ಏಪ್ರಿಲ್ ಒಂದರಿಂದ. ಅಂದು ಬಿಎಸ್-6 ಬಂತು. ಹೊಸ ಲಾರಿಗಳ ಹೊಟ್ಟೆಯಡಿಯಲ್ಲಿ ಈಗ ಪೆಟ್ಟಿಗೆಯಂಥದೊಂದು ಕುಳಿತಿದೆ. ಅದರೊಳಗೆ ಮಸಿ ಹಿಡಿಯುವ ಫಿಲ್ಟರು, ಹೊಗೆಯ ವಿಷ ಕಳೆಯುವ ಕೋಣೆ. ನೂರಕ್ಕೆ 32.5 ಪಾಲು ಯೂರಿಯಾ ಕರಗಿದ ನೀರನ್ನು ಬೇರೆ ಟ್ಯಾಂಕಿನಿಂದ ಅದು ಕುಡಿಯುತ್ತದೆ. ಹುಮನಾಬಾದಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವನು ನಾನು. ತೊಗರಿಗೂ ಕಬ್ಬಿಗೂ ಯೂರಿಯಾ ತೂಗಿಕೊಟ್ಟವನಿಗೆ ಲಾರಿಯೂ ಗಿರಾಕಿಯಾಯಿತಲ್ಲ ಎಂದು ನಗು ಬಂತು. ಕಾಕಾಗೆ ಬರಲಿಲ್ಲ. ಟರ್ಬೊ ಮೊದಲೇ ಹೊಗೆಯ ಏಟುಗಳನ್ನು ಅರೆದು ನುಣುಪು ಮಾಡಿರುತ್ತದೆ, ಮೇಲೆ ಈ ಪೆಟ್ಟಿಗೆ. “ಎಲ್ಲಾ ಗಾಡಿನೂ ಒಂದೇ ತಾಯಿ ಮಕ್ಕಳಂಗ ಕೇಳ್ಲತ್ತಾವ” ಎಂದು ಹೊರಸನ್ನು ರಸ್ತೆಯ ಕಡೆ ತಿರುಗಿಸಿಕೊಂಡರು. ಗಾಳಿ ಸ್ವಚ್ಛವಾದದ್ದು ಒಳ್ಳೆಯದೇ. ಹೆದ್ದಾರಿಯ ಪಕ್ಕದ ಮಕ್ಕಳ ಎದೆಗೂಡು ದೊಡ್ಡದು, ಒಬ್ಬ ಮುದುಕನ ಚಾ ಸಣ್ಣದು. ಆದರೆ ಸಣ್ಣದರ ಲೆಕ್ಕವನ್ನೂ ಯಾರಾದರೂ ಇಡಬೇಕಲ್ಲ.

ಇಷ್ಟರಲ್ಲಿ ನನ್ನ ಪಿಕಪ್ಪಿನ ಸೈಲೆನ್ಸರ್ ತೂತು ಬಿತ್ತು. ಹಳೆಯ ಗಾಡಿ, ಬಿಎಸ್-6ಕ್ಕಿಂತ ಬಹಳ ಮೊದಲಿನದು, ಅದರಲ್ಲಿ ಫಿಲ್ಟರಿಲ್ಲ, ಯೂರಿಯಾ ಇಲ್ಲ. ಸೈಲೆನ್ಸರ್ ಕೊಳೆಯುವುದು ಹೊರಗಿನ ಮಳೆಯಿಂದ ಎಂದು ತಿಳಿದವರೇ ಹೆಚ್ಚು, ಹೆಚ್ಚಿನ ಹಾವಳಿ ಒಳಗಿನದು. ಡೀಸೆಲ್ ಉರಿದಾಗ ಹೊಗೆಯ ಜೊತೆ ನೀರಿನ ಆವಿಯೂ ಹುಟ್ಟುತ್ತದೆ. ದೂರ ಓಡಿದ ಗಾಡಿಯಲ್ಲಿ ಕೊಳವೆ ಕಾದು ಅದು ಹೊರಗೆ ಹೋಗುತ್ತದೆ. ಅಂಗಡಿಯಿಂದ ಹೊಲಕ್ಕೆ, ಹೊಲದಿಂದ ಅಂಗಡಿಗೆ ಸಣ್ಣಸಣ್ಣ ಓಟ ಓಡುವ ನನ್ನಂಥವರ ಗಾಡಿಯಲ್ಲಿ ಆವಿ ನೀರಾಗಿ ನಿಂತು, ಗಂಧಕದ ಅಂಶ ಸೇರಿ ಹುಳಿಯಾಗಿ, ತಗಡನ್ನು ತಿನ್ನುತ್ತದೆ. ಹೊಸದು ಬೇಕೇ ಆಗಿತ್ತು. ಹೇಗೂ ಹಾಕಿಸುವುದಾದರೆ ಅಗ್ಗವೂ ಆಗಲಿ, ಮೊದಲಿಗಿಂತ ಚೆಂದವೂ ಕೇಳಲಿ, ಕಾಕಾ ಕಣ್ಣುಮುಚ್ಚಿ ಹೇಳುವಂತಿರಲಿ ಎಂಬ ಆಸೆ. ಅವರನ್ನೇ ಕೂಡಿಸಿಕೊಂಡು ಬಸವಕಲ್ಯಾಣದ ಆಟೊ ನಗರಕ್ಕೆ ಹೋದೆ.

ಆಟೊ ನಗರದಲ್ಲಿ ಕಲ್ಯಾಣದ ಇನ್ನೊಂದು ಮುಖವಿದೆ. ಕೋಟೆ ನೋಡಿ ತಿರುಗಿ ಹೋಗುವವರಿಗೆ ಅದು ಕಾಣುವುದಿಲ್ಲ. ಬರಿಯ ಚಾಸಿಯಾಗಿ ಬಂದ ಲಾರಿಗೆ ಮೈ ಕಟ್ಟುವವರು, ಪಾಟಾ ಜೋಡಿಸುವವರು, ಹಳೆಯ ಗಾಡಿ ಕೊಂಡು ಮಾರುವವರು, ಬಿಡಿಸಿ ಬಿಡಿಭಾಗ ಮಾಡುವವರು, ಕನ್ನಡ, ಉರ್ದು, ಮರಾಠಿ, ತೆಲುಗು ಬೆರೆತ ಬೈಗುಳ. ಮಿಸ್ತ್ರಿ ನನ್ನ ಗಾಡಿಯ ಕೆಳಗೆ ತೂರಿ, ಹೊರಬಂದು, ಕೈ ಒರೆಸಿಕೊಂಡು ಒಂದೇ ಮಾತು ಕೇಳಿದ:

“ಸಾಹೇಬ್ರ, ನಿಮಗ ಆವಾಜ್ ಬೇಕೋ, ಗದ್ಲ ಬೇಕೋ?”

ಗದ್ದಲವಾದರೆ ಪುಕ್ಕಟೆಯಂತೆ. ಸೈಲೆನ್ಸರ್ ತೆಗೆದು ಸೀದಾ ಪೈಪು ಬೆಸೆದರೆ ಮುಗಿಯಿತು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು ಪ್ರತಿ ವಾಹನಕ್ಕೂ, ಟ್ರ್ಯಾಕ್ಟರಿಗೂ ಸಹ, ಸೈಲೆನ್ಸರ್ ಇರಲೇಬೇಕು ಎನ್ನುತ್ತದೆ. ಶಬ್ದದ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಸೆರೆಯೂ ಆದೀತು. ಉಳಿದದ್ದು ಆವಾಜ್. ಅದಕ್ಕೆ ಮೂರು ದಾರಿ. ಷೋರೂಮಿನ ಹೊಸದಕ್ಕೆ ನಾಲ್ಕು ಚೀಲ ಡಿಎಪಿಯ ಬೆಲೆ. ಡಿಎಪಿ ಚೀಲ 1,350 ಎಂದು ಹಿಡಿದರೆ ಗೊತ್ತಾಯಿತಲ್ಲ, ನಾನು ಎಲ್ಲವನ್ನೂ ಚೀಲದಲ್ಲೇ ಅಳೆಯುವವನು. ಬಜಾರಿನ ನಕಲಿ ಮಾಲು ಒಂದೂವರೆ ಚೀಲ. ಗುಜರಿಯಲ್ಲಿ ಇದೇ ಗಾಡಿಯ ಹಳೆಯದನ್ನು ಆರಿಸಿ ರಿಪೇರಿ ಮಾಡಿಸಿದರೆ ಎರಡು ಚೀಲಕ್ಕೆ ತುಸು ಕಡಿಮೆ.

ನಕಲಿಯದನ್ನು ಕಾಕಾ ಪಾನಾದಿಂದ ಮೆಲ್ಲಗೆ ತಟ್ಟಿದರು. ಕಣ್ ಎಂದಿತು. “ಬ್ಯಾಡ” ಎಂದರು. ಇಂಜಿನ್ನಿನ ಏಟಿಗೆ ತೆಳು ತಗಡು ತಾನೂ ನಡುಗಿ ತನ್ನದೊಂದು ಕಿರುಚು ಸೇರಿಸುತ್ತದೆ. ಆಮೇಲೆ ಅವರು ಮೂಲೆಯಲ್ಲಿ ಬಿದ್ದಿದ್ದ ಟಾಟಾ 407ರದನ್ನು ಹಿಡಿದು ಕೂತರು. 1986ರಲ್ಲಿ ಬಂದ ಆ ಗಾಡಿಯ ಮೇಲೆ ಅವರಿಗೆ ತೀರದ ಮೋಹ. “ಇದು ಹಾಕು, ಅರ್ಧ ಊರು ಎದ್ದು ನಿಂದರ್ತದ.” ಮಿಸ್ತ್ರಿ ಒಪ್ಪಲಿಲ್ಲ. “ಕಾಕಾ, ಅದರ ಇಂಜಿನ್ ಬ್ಯಾರೆ, ಇದರ ಇಂಜಿನ್ ಬ್ಯಾರೆ. ಒಬ್ಬರ ಹಲ್ಲಿನ ಸೆಟ್ಟು ಒಬ್ಬರು ಹಾಕ್ತಾರೇನು?” ಕಾಕಾ ಬಾಯಿ ಮುಚ್ಚಿದರು. ಅವರದು ಸೆಟ್ಟೇ.

ಕೊನೆಗೆ ಗುಜರಿಯದೇ ಗೆದ್ದಿತು. ದಪ್ಪ ತಗಡು, ಮೇಲೆ ತುಕ್ಕು, ಒಳಗೆ ಜೀವ. ಮಿಸ್ತ್ರಿ ಅದರ ತುದಿಯ ಮುಚ್ಚಳ ಕೊಯ್ದು ತೋರಿಸಿದ. ಒಳಗೆ ಅಡ್ಡ ತಗಡುಗಳು, ಕೋಣೆಗಳು, ಮೈತುಂಬ ತೂತಿನ ಪೈಪು, ಅದರ ಸುತ್ತ ಗಾಜಿನ ಹತ್ತಿ. ಹೊಗೆಯ ಏಟು ಕೋಣೆಗೆ ಬಂದು ಹಿಗ್ಗಿ, ಗೋಡೆಗೆ ಬಡಿದು, ಹಿಂದೆ ಬಂದ ಏಟಿಗೆ ಎದುರಾಗಿ, ಎರಡೂ ಸೊರಗುತ್ತವೆ. ತೂತುಗಳಿಂದ ನುಸುಳಿದ ಕಿರುಚು ಹತ್ತಿಯಲ್ಲಿ ಇಂಗುತ್ತದೆ. ಉಳಿಯುವುದು ಬುಡದ ದಪ್ಪ ದನಿ. ಅಮೆರಿಕದ ಇಂಡಿಯಾನಾದ ರೀವ್ಸ್ ಸೋದರರು 1897ರಲ್ಲಿ ಇಂಥದಕ್ಕೆ ಪೇಟೆಂಟ್ ಪಡೆದರು. ಬೀದಿಯಲ್ಲಿ ಕುದುರೆಗಳೇ ಹೆಚ್ಚಿದ್ದು, ಇಂಜಿನ್ನಿಗೆ ಬೆದರುತ್ತಿದ್ದ ಕಾಲ. ವಾಜಿವಿನೋದ ಬರೆದವನಿಗೆ ಅವರ ಕಷ್ಟ ಅರ್ಥವಾಗುತ್ತಿತ್ತು.

ಆ ಕೊಯ್ದ ಕೊಳವೆಯ ಮುಂದೆ ಕುಕ್ಕರುಗಾಲಲ್ಲಿ ಕೂತಾಗ ಸೋಮೇಶ್ವರನಿಗಿಂತ ಅವನ ಮಗ ಹೆಚ್ಚು ಬೇಕಾದ. ಎರಡನೆಯ ಜಗದೇಕಮಲ್ಲನೂ ಕಲ್ಯಾಣದಲ್ಲಿ ಕೂತು ಸಂಗೀತದ ಮೇಲೆಯೇ ಬರೆದ. ಅವನದು ‘ಸಂಗೀತ ಚೂಡಾಮಣಿ’. ಕೈಯಲ್ಲಿ ಏಳು ಸ್ವರವಿದ್ದರೂ ಎರಡನ್ನು ಬಿಟ್ಟು ಐದರಲ್ಲೇ ಹಾಡುವುದನ್ನು ಶಾಸ್ತ್ರದವರು ಔಡವ ಎನ್ನುತ್ತಾರೆ. ಭೂಪ, ಮಾಲಕಂಸ ಆ ಜಾತಿಯವು. ಹುಮನಾಬಾದಿನ ಪಕ್ಕದ ಮಾಣಿಕನಗರದಲ್ಲಿ ದತ್ತಜಯಂತಿಯ ದರ್ಬಾರಿಗೆ ಹೋಗಿ ಕೂತವರಿಗೆ ಇದನ್ನು ವಿವರಿಸಬೇಕಿಲ್ಲ: ಮಾಲಕಂಸದಲ್ಲಿ ಪಂಚಮ ಬಂದರೆ ಕೇಳುವವರ ಮುಖ ಹುಳ್ಳಗಾಗುತ್ತದೆ. ಮಿಸ್ತ್ರಿ ಮಾಡುತ್ತಿದ್ದದ್ದೂ ಅದನ್ನೇ. ಇಂಜಿನ್ನಿಗೆ ಹೊಸ ದನಿ ಯಾರೂ ಸೇರಿಸಲಾರರು, ಯಾವುದು ವರ್ಜ್ಯ ಎಂದು ತೀರ್ಮಾನಿಸಬಹುದು ಅಷ್ಟೆ. ರೋಲರಿನ ಕೆಳಗೆ ಹೋದವು ಏಳೂ ಸ್ವರ ಒಟ್ಟಿಗೇ ಊದಿದವು.

ಕಳಚಿದ್ದ ಅಡ್ಡ ತಗಡು ಬೆಸೆದು, ಹೊಸ ಹತ್ತಿ ತುಂಬಿ, ಮೇಲೊಂದು ಸುತ್ತು ತಗಡು ಹೊದಿಸಿ, ರಬ್ಬರು ಬದಲಿಸಿ ಕಟ್ಟಿದ. ಸ್ಟಾರ್ಟ್ ಮಾಡಿದಾಗ ಗಾಡಿ ಮೊದಲಿಗಿಂತ ಮೆಲ್ಲಗೆ, ಮೊದಲಿಗಿಂತ ದಪ್ಪಗೆ ಮಾತಾಡಿತು. ಹೊಗೆ ತಪಾಸಣೆಯ ಚೀಟಿಯೂ ಸಿಕ್ಕಿತು. ಕೆಲವು ದಿನ ಬಿಟ್ಟು, ಹೇಳದೆ ಕೇಳದೆ ಬಂಗ್ಲಾದ ಮುಂದೆ ಹಾದುಹೋದೆ. ಕಾಕಾ ಮತ್ತೆ ರಸ್ತೆಗೆ ಬೆನ್ನು ಮಾಡಿ ಕೂತಿದ್ದರು. ತಿರುಗಿ ನೋಡದೆ ಕೈ ಎತ್ತಿ ಒಳಗಿನವನಿಗೆ ಕೂಗಿದರು: “ಚಾ ತಾ. ರೊಕ್ಕ ನಮ್ಮ ಹುಡುಗ ಕೊಡ್ತಾನ. ಗಾಡಿ ಖಾಲಿ ಅದ, ಗಲ್ಲಾ ತುಂಬಿದ್ದಿರಬೇಕು.”

ನನ್ನಂಥ ಪಿಕಪ್ಪಿನವರು ಕೇಳಿದರೆ ಹೇಳುವುದಿಷ್ಟು. ಹೊಸ ಬಿಎಸ್-6 ಗಾಡಿಯಾದರೆ ಆ ಪೆಟ್ಟಿಗೆಗೆ ಕೈ ಹಚ್ಚಬೇಡಿ. ಹಳೆಯದಾದರೆ ತಗಡು ತಟ್ಟಿ ನೋಡಿ, ಸೀದಾ ಪೈಪಿನ ಮಾತು ಆಡಿದವನಿಂದ ಎದ್ದು ಬನ್ನಿ, ನಿಮ್ಮದೇ ಗಾಡಿಯ ದಪ್ಪ ಹಳೆಯ ಮಾಲು ಹುಡುಕಿ. ಜೊತೆಗೆ ಒಬ್ಬ ಹಳೆಯ ಡ್ರೈವರನನ್ನು ಕರೆದೊಯ್ಯಿರಿ. ಅವರ ಫೀಸು ಒಂದು ಚಾ. ಎರಡನೆಯದು ಹೇಳಿದರೆ ಮಾತ್ರ 407ರ ಕಥೆ ಪೂರ್ತಿ ಕೇಳಿಯೇ ಏಳಬೇಕಾಗುತ್ತದೆ.